ಮೊದಲು ಅರ್ಜಿ, ಆಮೇಲೆ ಕೃಷಿಮೇಳ

ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಅಡಿಕೆ ಯಂತ್ರ ತಯಾರಕರಿಗೂ ನೀಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲುಗಳಲ್ಲಿ ಕಂಪ್ಯೂಟರ್ ಓದುವ ಹುಡುಗ ಹುಡುಗಿಯರಿದ್ದೀರಿ. ಹಿಂದೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬಂದ, ಸುಲಿಯುವ ಯಂತ್ರ ಮತ್ತು ಡ್ರೈಯರ್ ತಯಾರಿಸುವವರಿದ್ದೀರಿ. ಈಗ ಯಂತ್ರದೊಳಗೆ ಕ್ಯಾಮೆರಾ ಬಂದಿದೆ, ಕ್ಯಾಮೆರಾ ಹಿಂದೆ ಪ್ರೋಗ್ರಾಂ ಬಂದಿದೆ. ಹಾಗಾಗಿ ಪೇಟೆಂಟ್ ಎಂಬ ವಿಷಯ ನಿಮ್ಮಿಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದೆ. ನನಗೆ ಹೇಳಲಿಕ್ಕಿರುವುದು ಎರಡು ಸಂಗತಿ: ಅರ್ಜಿಯ ತಾರೀಕು, ಮತ್ತು ಅರ್ಜಿಯಲ್ಲಿ ಬರೆದ ಮಾತು. ಸಂಶೋಧನೆ ಎಷ್ಟೇ ದೊಡ್ಡದಿರಲಿ, ಪೇಟೆಂಟ್ ನಿಲ್ಲುವುದೂ ಬೀಳುವುದೂ ಇವೆರಡರ ಮೇಲೆಯೇ.

ಮೊದಲು ತಾರೀಕು. ಅರ್ಜಿಯ ದಿನಕ್ಕೆ ಸಂಶೋಧನೆ ಹೊಸದಾಗಿರಬೇಕು, ಅಂದರೆ ಅದು ಮುಂಚೆಯೇ ಲೋಕಕ್ಕೆ ತಿಳಿದಿರಬಾರದು. ನಿಮ್ಮ ಮೇಜಿನ ಮೇಲಿರುವ ಮೌಸ್‌ನಿಂದಲೇ ಶುರು ಮಾಡೋಣ. ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ ಅದನ್ನು ರೂಪಿಸಿದಾಗ ಅದೊಂದು ಮರದ ಡಬ್ಬಿ. ಅಡಿಯಲ್ಲಿ ಒಂದಕ್ಕೊಂದು ಅಡ್ಡಲಾಗಿ ಕೂರಿಸಿದ ಎರಡು ಚಕ್ರಗಳು. ಒಂದು ಚಕ್ರ ಎಡ-ಬಲದ ಚಲನೆ ಅಳೆಯುತ್ತಿತ್ತು, ಇನ್ನೊಂದು ಮೇಲೆ-ಕೆಳಗಿನದ್ದು. ಪೇಟೆಂಟ್ ಅರ್ಜಿ ಹೋದದ್ದು 1967ರ ಜೂನ್ 21ರಂದು. ಸುಮಾರು ಸಾವಿರ ಎಂಜಿನಿಯರುಗಳ ಎದುರು ಅವರು ಅದನ್ನು ಆಡಿಸಿ ತೋರಿಸಿದ ಪ್ರಸಿದ್ಧ ಪ್ರದರ್ಶನ ನಡೆದದ್ದು 1968ರ ಡಿಸೆಂಬರ್ 9ರಂದು. ಈ ಎರಡು ತಾರೀಕುಗಳ ಕ್ರಮವನ್ನು ಗಮನಿಸಿ. 1970ರ ನವೆಂಬರ್ 17ರಂದು 3,541,541ನೇ ಪೇಟೆಂಟ್ ಮಂಜೂರಾಯಿತು. ಅದರ ಶೀರ್ಷಿಕೆಯಲ್ಲಿ ಮೌಸ್ ಎಂಬ ಪದವೇ ಇಲ್ಲ. ಪರದೆಗೆ ಬಳಸುವ ಎಕ್ಸ್-ವೈ ಸ್ಥಾನಸೂಚಕ ಎಂದಿದೆ. ಹಕ್ಕು ಅವರು ದುಡಿಯುತ್ತಿದ್ದ ಸಂಸ್ಥೆಗೆ ಸೇರಿತ್ತು. ಅವರಿಗೆ ರಾಯಧನ ಸಿಗಲಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಕ್ರಮ ತಪ್ಪಿದ್ದರ ಉದಾಹರಣೆ. ಬ್ಯಾಂಕ್ ವ್ಯವಹಾರವನ್ನು ಗುಟ್ಟಾಗಿಡುವ ಆರ್‌ಎಸ್‌ಎ ಗೂಢಲಿಪಿಯನ್ನು ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು 1977ರಲ್ಲಿ ರೂಪಿಸಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಒಂದು ಜನಪ್ರಿಯ ವಿಜ್ಞಾನ ಪತ್ರಿಕೆಯಲ್ಲಿ ಅದರ ವಿವರ ಅಚ್ಚಾಯಿತು. ಪೇಟೆಂಟ್ ಅರ್ಜಿ ಹೋದದ್ದು ಡಿಸೆಂಬರ್ 14ಕ್ಕೆ. ಅಮೆರಿಕದ ಕಾನೂನಿನಲ್ಲಿ ಪ್ರಕಟಣೆಯ ನಂತರವೂ ಒಂದು ವರ್ಷದ ಅವಕಾಶ ಇದೆ, ಹಾಗಾಗಿ ಅಲ್ಲಿ 1983ರಲ್ಲಿ ಪೇಟೆಂಟ್ ಸಿಕ್ಕಿತು. ಯುರೋಪು ಮೊದಲಾದ ಕಡೆ ಆ ಬಾಗಿಲು ಮುಚ್ಚಿಹೋಗಿತ್ತು. ನಾಲ್ಕೇ ತಿಂಗಳ ಅಂತರ, ಉಳಿದ ಜಗತ್ತಿನ ಬಹುಪಾಲು ಹಕ್ಕು ಹೋಯಿತು.

ಮೂರನೆಯದು ಎನಿಯಾಕ್, ಕೋಣೆ ತುಂಬುವಷ್ಟು ದೊಡ್ಡ ಎಲೆಕ್ಟ್ರಾನಿಕ್ ಕಂಪ್ಯೂಟರ್. ಅದನ್ನು ರೂಪಿಸಿದ ಎಕರ್ಟ್ ಮತ್ತು ಮಾಕ್ಲಿ 1947ರ ಜೂನ್ 26ರಂದು ಅರ್ಜಿ ಹಾಕಿದರು. ಪೇಟೆಂಟ್ ಬಂದದ್ದು 1964ರಲ್ಲಿ. 1973ರ ಅಕ್ಟೋಬರ್ 19ರಂದು ಮಿನಿಯಾಪೊಲಿಸ್‌ನ ನ್ಯಾಯಾಧೀಶ ಅರ್ಲ್ ಲಾರ್ಸನ್ ಅದನ್ನು ಅಸಿಂಧು ಎಂದು ತೀರ್ಪಿತ್ತರು. ಅವರು ಕೊಟ್ಟ ಕಾರಣಗಳನ್ನು ನಮ್ಮೂರಿನ ಮಾತಿಗೆ ಇಳಿಸಿದರೆ ಹೀಗೆ. ಯಂತ್ರವನ್ನು ಅರ್ಜಿಗೆ ಒಂದು ವರ್ಷಕ್ಕಿಂತ ಮುಂಚೆಯೇ ಕೆಲಸಕ್ಕೆ ಬಳಸಿಯಾಗಿತ್ತು, 1946ರ ಫೆಬ್ರವರಿಯಲ್ಲಿ ಸಮಾರಂಭ ಮಾಡಿ ಲೋಕಕ್ಕೆಲ್ಲ ತೋರಿಸಿಯಾಗಿತ್ತು. ಎಲೆಕ್ಟ್ರಾನಿಕ್ ಕಂಪ್ಯೂಟರಿನ ರಚನೆಯ ಬಗ್ಗೆ ಗಣಿತಜ್ಞ ವಾನ್ ನಾಯ್‌ಮನ್ ಬರೆದ ವರದಿ 1945ರಲ್ಲೇ ಕೈಯಿಂದ ಕೈಗೆ ಹಂಚಿಹೋಗಿತ್ತು. ಜೊತೆಗೆ ಮುಖ್ಯ ಕಲ್ಪನೆಯ ಒಂದು ಭಾಗ ಅಯೋವಾದ ಜಾನ್ ಅಟನಾಸಾಫ್ ಅವರಿಂದ ಬಂದದ್ದು. ಆ ಅಟನಾಸಾಫ್ ಅವರ ಕಥೆ ಇನ್ನೂ ನೋವಿನದು: ಅವರ ಕಾಲೇಜು ವಕೀಲರನ್ನು ಗೊತ್ತು ಮಾಡಿತ್ತು, ಕಾಗದಪತ್ರವೂ ಸಿದ್ಧವಾಗಿತ್ತು, ಅರ್ಜಿ ಮಾತ್ರ ಸಲ್ಲಿಕೆಯಾಗಲೇ ಇಲ್ಲ.

ನಮ್ಮಲ್ಲಿ ಈ ತಪ್ಪು ಹೇಗೆ ನಡೆಯುತ್ತದೆ? ಕೃಷಿಮೇಳದ ಮಳಿಗೆಯಲ್ಲಿ ಯಂತ್ರದ ಮುಚ್ಚಳ ತೆಗೆದು ತೋರಿಸುತ್ತೇವೆ. ಕಾಲೇಜಿನ ಪ್ರಾಜೆಕ್ಟ್ ವರದಿ ಗ್ರಂಥಾಲಯದ ಕಪಾಟಿಗೆ ಹೋಗುತ್ತದೆ. ಪತ್ರಿಕೆಯಲ್ಲಿ ಚಿತ್ರಸಮೇತ ಸುದ್ದಿ ಬರುತ್ತದೆ. ಪಕ್ಕದೂರಿನವರು ಕೇಳಿದರೆಂದು ಎರಡು ಯಂತ್ರ ಮಾರುತ್ತೇವೆ. ಇವೆಲ್ಲ ಸಂತೋಷದ ಕೆಲಸಗಳೇ, ಆದರೆ ಅರ್ಜಿಗೆ ಮುಂಚೆ ನಡೆದರೆ ಪ್ರತಿಯೊಂದೂ ಹೊಸತನವನ್ನು ತಿನ್ನುತ್ತದೆ. ಭಾರತದ ಕಾಯ್ದೆಯಲ್ಲಿ ಅಮೆರಿಕದಂಥ ಧಾರಾಳ ವರ್ಷವಿಲ್ಲ. ಕಲಂ 31ರ ಪ್ರಕಾರ, ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನದಲ್ಲಿ ಇಟ್ಟದ್ದಕ್ಕೆ ಮತ್ತು ವಿದ್ವತ್ ಸಂಸ್ಥೆಯೊಂದರ ಮುಂದೆ ಮಂಡಿಸಿದ ಪ್ರಬಂಧಕ್ಕೆ 12 ತಿಂಗಳ ರಕ್ಷಣೆ ಇದೆ. ಊರಿನ ಮೇಳಕ್ಕೆ ಅಂಥ ಅಧಿಸೂಚನೆ ಇದೆ ಎಂದು ಸುಮ್ಮನೆ ನಂಬಬೇಡಿ. ಕಲಂ 32 ಇನ್ನೊಂದು ಸಣ್ಣ ಕಿಂಡಿ: ಸಾರ್ವಜನಿಕವಾಗಿ ನಡೆಸದೆ ಬೇರೆ ದಾರಿಯಿಲ್ಲದಂಥ ಪರೀಕ್ಷೆಯನ್ನು, ಪರೀಕ್ಷೆಯ ಮಟ್ಟಿಗೆ ಮಾತ್ರ, ಅರ್ಜಿಗೆ ಮುಂಚಿನ ಒಂದು ವರ್ಷದೊಳಗೆ ನಡೆಸಬಹುದು. ಬೇರೆಯವರ ಅಂಗಳದಲ್ಲಿ ಯಂತ್ರ ಓಡಿಸಿ ನೋಡುವುದಿದ್ದರೆ ಗೋಪ್ಯತೆಯ ಕರಾರಿಗೆ ಮೊದಲೇ ಸಹಿ ಹಾಕಿಸಿಕೊಳ್ಳಿ. ಒಂದು ಪುಟ ಸಾಕು.

ಇನ್ನು ಪ್ರೋಗ್ರಾಂ ವಿಷಯ. ಕಲಂ 3(ಕೆ) ಹೇಳುವುದು: ಗಣಿತದ ವಿಧಾನ, ವ್ಯಾಪಾರದ ವಿಧಾನ, ಆಲ್ಗಾರಿದಮ್ ಮತ್ತು ಕಂಪ್ಯೂಟರ್ ಪ್ರೋಗ್ರಾಂ 'ಪರ್ ಸೇ', ಅಂದರೆ ಬರೀ ಪ್ರೋಗ್ರಾಂ ಆಗಿಯೇ, ಪೇಟೆಂಟಿಗೆ ಅರ್ಹವಲ್ಲ. 2002ರ ತಿದ್ದುಪಡಿಯಲ್ಲಿ ಬಂದ ಮಾತಿದು. 2004ರ ಕೊನೆಯ ಸುಗ್ರೀವಾಜ್ಞೆ ಇದನ್ನು ಸಡಿಲಿಸಲು ಹೊರಟಿತ್ತು. 2005ರಲ್ಲಿ ಸಂಸತ್ತು ಆ ಸಡಿಲಿಕೆಯನ್ನು ಕೈಬಿಟ್ಟಿತು. ಜಗಳವೆಲ್ಲ 'ಪರ್ ಸೇ' ಎಂಬ ಎರಡು ಪದಗಳ ಮೇಲೆಯೇ ನಡೆದಿದೆ. ಫೆರಿದ್ ಅಲ್ಲಾನಿ ಎಂಬುವರು 2002ರಲ್ಲಿ ಹಾಕಿದ ಅರ್ಜಿಯ ವಿಚಾರದಲ್ಲಿ ದೆಹಲಿ ಹೈಕೋರ್ಟ್ 2019ರ ಡಿಸೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿತು: ಪ್ರೋಗ್ರಾಂ ಆಧರಿಸಿದ ಎಲ್ಲ ಸಂಶೋಧನೆಗೂ ತಡೆಯಿಲ್ಲ, ತಾಂತ್ರಿಕ ಪರಿಣಾಮ ಇದೆಯೇ ಎಂದು ನೋಡಬೇಕು. 2024ರ ಮಾರ್ಚ್‌ನಲ್ಲಿ ಎರಿಕ್ಸನ್ ಮತ್ತು ಲಾವಾ ಕಂಪನಿಗಳ ನಡುವಿನ ಮೊಬೈಲ್ ಪೇಟೆಂಟ್ ದಾವೆಯಲ್ಲೂ ಇದೇ ಕಲಮನ್ನು ಎದುರಿಗಿಟ್ಟು ವಾದ ನಡೆಯಿತು. ನ್ಯಾಯಾಲಯ ಒಂದು ಪೇಟೆಂಟನ್ನು ತಳ್ಳಿಹಾಕಿ, ಏಳನ್ನು ಎತ್ತಿಹಿಡಿದು, 244 ಕೋಟಿ ರೂಪಾಯಿ ಪರಿಹಾರ ವಿಧಿಸಿತು.

ತಾಂತ್ರಿಕ ಪರಿಣಾಮ ಅಂದರೇನು ಎಂಬುದನ್ನು ವ್ಯಾಖ್ಯಾನ ಹೇಳಿ ತಿಳಿಸುವುದು ಕಷ್ಟ. ಒಂದು ಯಂತ್ರ ಇಟ್ಟುಕೊಂಡು ನೋಡೋಣ. ಇವತ್ತಿನ ಮಾತಿಗಾಗಿ ಹೆಣೆದ ಉದಾಹರಣೆ ಇದು.

ಬೇಯಿಸಿ ಒಣಗಿಸಿದ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ದರ್ಜೆಗಳಾಗಿ ವಿಂಗಡಿಸುವ ಯಂತ್ರ. ಬೆಲ್ಟ್ ಮೇಲೆ ಅಡಿಕೆ ಸಾಲಾಗಿ ಬರುತ್ತದೆ, ಕ್ಯಾಮೆರಾ ನೋಡುತ್ತದೆ, 300 ಮಿ.ಮೀ. ಮುಂದೆ ಗಾಳಿಯ ನಳಿಕೆ ಚಿಮ್ಮಿಸಿ ಅಡಿಕೆಯನ್ನು ಅದರದರ ತಟ್ಟೆಗೆ ತಳ್ಳುತ್ತದೆ. ಬೆಲ್ಟಿನ ವೇಗ ಸೆಕೆಂಡಿಗೆ ಅರ್ಧ ಮೀಟರ್ ಎಂದಿಟ್ಟುಕೊಳ್ಳಿ. ಕ್ಯಾಮೆರಾ ಕಂಡ 600 ಮಿಲಿಸೆಕೆಂಡಿಗೆ ನಳಿಕೆ ತೆರೆಯಬೇಕು. ಇಲ್ಲಿ ಮೊದಲ ತೊಂದರೆ ಕರೆಂಟಿನದು. ವೋಲ್ಟೇಜ್ ಇಳಿದು ಬೆಲ್ಟ್ ಶೇಕಡಾ 10ರಷ್ಟು ನಿಧಾನವಾದರೆ, ಆ 600 ಮಿಲಿಸೆಕೆಂಡಿನಲ್ಲಿ ಅಡಿಕೆ 270 ಮಿ.ಮೀ. ಮಾತ್ರ ಬಂದಿರುತ್ತದೆ. 30 ಮಿ.ಮೀ. ಹಿಂದೆ ಬಿತ್ತು. ಗಾಳಿ ಅದರ ಮುಂದಿನ ಅಡಿಕೆಗೆ ಹೊಡೆಯುತ್ತದೆ, ದುಬಾರಿಯ ಸರಕು ಅಗ್ಗದ ಗೊರಬಲಿನ ತಟ್ಟೆಗೆ ಬೀಳುತ್ತದೆ. ಮಂಡಿಯ ದರದಲ್ಲಿ ಅವೆರಡರ ನಡುವಿನ ಅಂತರ ಎಷ್ಟೆಂದು ನಿಮಗೆ ಹೇಳಬೇಕಿಲ್ಲ.

ಇದಕ್ಕೆ ಪರಿಹಾರ, ಸಮಯ ಎಣಿಸುವುದನ್ನು ಬಿಟ್ಟು ದೂರ ಎಣಿಸುವುದು. ಬೆಲ್ಟಿನ ರೋಲರ್‌ಗೆ ಎನ್‌ಕೋಡರ್ (ತಿರುಗಿದ್ದನ್ನು ಅಳೆಯುವ ಸಾಧನ) ಹಾಕಿ, ಮಿಲಿಮೀಟರಿಗೊಂದು ಪಲ್ಸ್, ಅಂದರೆ ವಿದ್ಯುತ್ ಮಿಡಿತ, ಬರುವಂತೆ ಮಾಡಿ, 300ನೇ ಪಲ್ಸ್‌ಗೆ ನಳಿಕೆ ತೆರೆದರಾಯಿತು. ಅಲ್ಲಿಗೆ ಪೇಟೆಂಟ್ ಸಿಕ್ಕಿತೇ? ಇಲ್ಲ. ಬಣ್ಣ ನೋಡಿ ಬೇರ್ಪಡಿಸುವ ಯಂತ್ರಗಳಲ್ಲಿ ಇದು ಹಳೆಯ ರೂಢಿ. ಅಕ್ಕಿ, ಕಾಫಿ ಬೀಜಕ್ಕೆ ಇದ್ದದ್ದನ್ನು ಅಡಿಕೆಗೆ ತಂದರೆ ಪೇಟೆಂಟ್ ಕಚೇರಿಯ ಪರಿಶೀಲಕರು ಅದು ಆ ಕಸುಬು ಬಲ್ಲವರಿಗೆ ಸಹಜವಾಗಿ ಹೊಳೆಯುವಂಥದ್ದು ಎನ್ನುತ್ತಾರೆ. ಚೊಗರಿನಿಂದ (ಅಡಿಕೆ ಬೇಯಿಸಿದ ರಸದಿಂದ) ಹೊಳೆಯುವ ಅಡಿಕೆಯ ಮೇಲೆ ಬೆಳಕು ಪ್ರತಿಫಲಿಸದಂತೆ ಅಡ್ಡ-ಉದ್ದ ಪೋಲರೈಸರ್, ಅಂದರೆ ಬೆಳಕು ಸೋಸುವ ಹಾಳೆ, ಹಾಕಿದೆ ಎಂದರೂ ಇದೇ ಉತ್ತರ.

ಈಗ ಎರಡನೇ ತೊಂದರೆಗೆ ಬನ್ನಿ. ನಿಜವಾದ ಅವಕಾಶ ಇರುವುದು ಅಲ್ಲಿ. ಚೊಗರಿನ ಅಂಟು ದೂಳಿನ ಜೊತೆ ಸೇರಿ ರೋಲರ್ ಮೇಲೆ ಪದರ ಕಟ್ಟುತ್ತದೆ. 50 ಮಿ.ಮೀ. ವ್ಯಾಸದ ರೋಲರ್ ಮೇಲೆ ಸುತ್ತಲೂ 1 ಮಿ.ಮೀ. ಅಂಟಿದರೆ ವ್ಯಾಸ 52 ಆಯಿತು. ಒಂದು ಸುತ್ತಿಗೆ ಬೆಲ್ಟ್ ಶೇಕಡಾ 4ರಷ್ಟು ಹೆಚ್ಚು ಸಾಗುತ್ತದೆ, ಪಲ್ಸ್‌ಗಳ ಸಂಖ್ಯೆ ಮಾತ್ರ ಅಷ್ಟೇ. ಅಡಿಕೆ 288ನೇ ಪಲ್ಸ್‌ಗೇ ನಳಿಕೆಯೆದುರು ಬಂದುಬಿಟ್ಟಿರುತ್ತದೆ. ಗಾಳಿ 300ಕ್ಕೆ ಬರುತ್ತದೆ. 12 ಮಿ.ಮೀ. ತಡ, ಅಂದರೆ ಅರ್ಧ ಅಡಿಕೆ. ಗಾಳಿ ಅಂಚಿಗೆ ತಗುಲಿ ಅಡಿಕೆ ಗಿರಕಿ ಹೊಡೆದು ಪಕ್ಕದ ತಟ್ಟೆಗೆ ಹೋಗುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಯಂತ್ರ ಸಂಜೆ ಹೊತ್ತಿಗೆ ತಪ್ಪುತ್ತದೆ, ತೊಳೆದರೆ ಮತ್ತೆ ಸರಿ. ಆಪರೇಟರ್ ಕ್ಯಾಮೆರಾ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ನಳಿಕೆ ದಾಟಿ 50 ಮಿ.ಮೀ. ಮುಂದೆ ಒಂದು ಇನ್‌ಫ್ರಾರೆಡ್ ಸಂವೇದಕ ಇಡಿ. ತಳ್ಳಬೇಕಿಲ್ಲದ ಅಡಿಕೆ ಅದರೆದುರು ಹಾದುಹೋಗುತ್ತದೆ. ಕ್ಯಾಮೆರಾದಿಂದ ಅಲ್ಲಿಗೆ 350 ಪಲ್ಸ್ ಆಗಬೇಕಿತ್ತು, 337 ಆಯಿತು. ನಿಯಂತ್ರಕ ಆ ಅನುಪಾತ ತೆಗೆದು, ಹತ್ತಾರು ಅಡಿಕೆಯ ಸರಾಸರಿ ಮಾಡಿ, ಮುಂದಿನ ಅಡಿಕೆಗೆ ನಳಿಕೆಯನ್ನು 300ರ ಬದಲು 289ಕ್ಕೆ ತೆರೆಯುತ್ತದೆ. ಯಂತ್ರವನ್ನು ನಿಲ್ಲಿಸಿ ತೊಳೆಯುವ ಅಗತ್ಯ ಕಡಿಮೆಯಾಯಿತು, ತಪ್ಪು ತಟ್ಟೆಗೆ ಬೀಳುವುದು ಕಡಿಮೆಯಾಯಿತು. ತಾಂತ್ರಿಕ ಪರಿಣಾಮ ಅಂದರೆ ಇದು. ಒಳಗೆ ಪ್ರೋಗ್ರಾಂ ಇದೆ, ಆದರೆ ಅದರ ಫಲ ಒಂದು ಭೌತಿಕ ಯಂತ್ರದ ನಡವಳಿಕೆಯಲ್ಲಿ ಕಾಣುತ್ತದೆ, ಅಳೆಯಲೂ ಬರುತ್ತದೆ. ಇದು ನಿಜವಾಗಿ ಹೊಸದೇ ಎಂಬುದು ಹಳೆಯ ಪೇಟೆಂಟ್ ದಾಖಲೆಗಳಲ್ಲಿ ಹುಡುಕಿದ ಮೇಲಷ್ಟೇ ಗೊತ್ತಾಗುವ ಮಾತು. ಆದರೆ ಹುಡುಕಲು ಯೋಗ್ಯವಾದದ್ದು ಇದೇ.

ಹುಡುಕುವಾಗ ಒಂದೇ ಹೆಸರಿಗೆ ಅಂಟಿಕೊಳ್ಳಬೇಡಿ. ಅರೆಕಾನಟ್ ಎಂದು ಕೂಡಿಸಿ, ಅರೆಕಾ ನಟ್ ಎಂದು ಬಿಡಿಸಿ, ಬೀಟಲ್ ನಟ್, ಸುಪಾರಿ, ಅರೆಕಾ ಕಟೆಚು, ಎಲ್ಲವನ್ನೂ ಹಾಕಿ ನೋಡಿ. ಚೀನಾದ ಹೈನಾನ್‌ನಲ್ಲೂ ಅಡಿಕೆ ಬೆಳೆಯುತ್ತಾರೆ. ಅಲ್ಲಿನ ದಾಖಲೆಗಳಲ್ಲಿ ಅದು ಬಿನ್‌ಲಾಂಗ್. ಆಮೇಲೆ ಹೆಸರೇ ಇಲ್ಲದೆ, ಪೇಟೆಂಟುಗಳನ್ನು ವಿಷಯವಾರು ಗುರುತಿಸುವ ವರ್ಗಸಂಖ್ಯೆಯಲ್ಲಿ ಹುಡುಕಿ: ಬಣ್ಣ, ಬೆಳಕಿನ ಗುಣದಿಂದ ವಿಂಗಡಿಸುವುದು ಬಿ07ಸಿ 5/342, ಕಾಯಿ ಸುಲಿಯುವ ಯಂತ್ರ ಎ23ಎನ್ 5/00, ಚಿತ್ರ ವಿಶ್ಲೇಷಣೆ ಜಿ06ಟಿ 7/00. ಭಾರತದ್ದಕ್ಕೆ ಪೇಟೆಂಟ್ ಕಚೇರಿಯ ಇನ್‌ಪಾಸ್ ಜಾಲತಾಣ, ಹೊರಗಿನದಕ್ಕೆ ಎಸ್ಪಾಸೆನೆಟ್ ಮತ್ತು ಗೂಗಲ್ ಪೇಟೆಂಟ್ಸ್, ಮೂರೂ ಪುಕ್ಕಟೆ. ಅಡಿಕೆಯನ್ನೇ ಹುಡುಕಿ ಸುಮ್ಮನಾಗುವವರು ಗೋಡಂಬಿ, ಬಾದಾಮಿ ಯಂತ್ರದ ದಾಖಲೆಯಲ್ಲಿ ಸಿಕ್ಕಿಬೀಳುತ್ತಾರೆ.

ಈಗ ಮಾತಿನ ಸಂಗತಿ, ಅಂದರೆ ಕ್ಲೇಮು, ಅರ್ಜಿಯಲ್ಲಿ ಹಕ್ಕು ಕೋರುವ ವಾಕ್ಯ. ನಿಮ್ಮ ವಿವರಣೆ 20 ಪುಟ ಇರಬಹುದು, ಹಕ್ಕು ಇರುವುದು ಕ್ಲೇಮಿನ ವಾಕ್ಯದಲ್ಲಿ ಮಾತ್ರ. ತೋಟದ ಬೇಲಿ ಇದ್ದ ಹಾಗೆ. ಆದರೆ ಇಲ್ಲಿ ಒಂದು ತಿರುವು ಇದೆ: ಕ್ಲೇಮಿನಲ್ಲಿ ಹೆಚ್ಚು ಭಾಗಗಳನ್ನು ಸೇರಿಸಿದಷ್ಟೂ ಬೇಲಿ ಒಳಗೆ ಸರಿಯುತ್ತದೆ, ಏಕೆಂದರೆ ಇನ್ನೊಬ್ಬರು ಆ ಎಲ್ಲ ಭಾಗಗಳನ್ನೂ ಬಳಸಿದರೆ ಮಾತ್ರ ಅದು ಉಲ್ಲಂಘನೆ. 'ಹಸಿರು ಪಿವಿಸಿ ಬೆಲ್ಟ್' ಎಂದು ಬರೆದರೆ ನೀಲಿ ರಬ್ಬರ್ ಬೆಲ್ಟ್ ಹಾಕಿದವರು ಪಾರು. ನಮ್ಮ ಉದಾಹರಣೆಗೆ ಮೊದಲ ಕ್ಲೇಮು ಹೀಗಿರಬಹುದು (ಕಂಸದ ಅಂಕಿಗಳು ನಕ್ಷೆಯಲ್ಲಿ ಆಯಾ ಭಾಗದ ಗುರುತು):

'ಒಣ ಬೀಜಗಳನ್ನು ವಿಂಗಡಿಸುವ ಸಾಧನ. ಅದು ಬೀಜಗಳನ್ನು ಒಯ್ಯುವ ಸಾಗಣೆ ಪಟ್ಟಿ (10), ಪಟ್ಟಿಯ ಮೇಲಿನ ಬೀಜದ ಚಿತ್ರ ಹಿಡಿಯುವ ಕ್ಯಾಮೆರಾ (20), ಪಟ್ಟಿಯ ರೋಲರ್ ತಿರುಗಿದಷ್ಟೂ ಪಲ್ಸ್ ಹೊರಡಿಸುವ ಎನ್‌ಕೋಡರ್ (30), ಹೊರತಳ್ಳುವ ಘಟಕ (40), ಅದರ ಮುಂದಿನ ಸಂವೇದಕ (50) ಹಾಗೂ ನಿಯಂತ್ರಕವನ್ನು (60) ಒಳಗೊಂಡಿದ್ದು, ಕ್ಯಾಮೆರಾದಿಂದ ಸಂವೇದಕದವರೆಗೆ ಎಣಿಸಿದ ಪಲ್ಸ್‌ಗಳಿಗೂ ನಿಗದಿತ ಪಲ್ಸ್‌ಗಳಿಗೂ ಇರುವ ಅನುಪಾತದಿಂದ, ಮುಂದಿನ ಬೀಜಕ್ಕೆ ಹೊರತಳ್ಳುವ ಘಟಕ ಚಾಲೂ ಆಗುವ ಪಲ್ಸ್ ಸಂಖ್ಯೆಯನ್ನು ನಿಯಂತ್ರಕವು ತಿದ್ದುವಂತೆ ರಚಿತವಾಗಿದೆ.'

ಇದರಲ್ಲಿ ಅಡಿಕೆ ಎಂಬ ಪದ ಇಲ್ಲ, ಗಾಳಿಯೂ ಇಲ್ಲ. ಗಾಳಿಯ ನಳಿಕೆ ಎರಡನೇ ಕ್ಲೇಮಿನಲ್ಲಿ, ಸರಾಸರಿ ತೆಗೆಯುವುದು ಮೂರನೆಯದರಲ್ಲಿ, ಅಡಿಕೆ ನಾಲ್ಕನೆಯದರಲ್ಲಿ ಬರಲಿ. ಮೊದಲನೆಯದು ಬಿದ್ದರೆ ಹಿಂದೆ ಸರಿಯಲು ಜಾಗ ಇರಬೇಕು. 'ಕೃತಕ ಬುದ್ಧಿಮತ್ತೆಯಿಂದ ದರ್ಜೆ ನಿರ್ಧರಿಸುವ ವಿಧಾನ' ಎಂದಷ್ಟೇ ಬರೆದ ಕ್ಲೇಮು 3(ಕೆ) ಬಾಗಿಲಲ್ಲೇ ನಿಲ್ಲುತ್ತದೆ. ಇನ್ನೊಂದು ಎಚ್ಚರ: ಕೃಷಿ ಅಥವಾ ತೋಟಗಾರಿಕೆಯ ವಿಧಾನಕ್ಕೆ 3(ಎಚ್) ಅಡ್ಡ ಬರುತ್ತದೆ. ಔಷಧಿ ಹೊಡೆಯುವ ಕ್ರಮಕ್ಕೆ ಪೇಟೆಂಟ್ ಇಲ್ಲ, ಹೊಡೆಯುವ ಉಪಕರಣಕ್ಕೆ ಇರಬಹುದು.

ವಿವರಣೆಯಲ್ಲಿ ಮುಚ್ಚಿಡಬಾರದು. ನಿಮಗೆ ಗೊತ್ತಿರುವ ಅತ್ಯುತ್ತಮ ರೀತಿಯನ್ನೇ ಬರೆಯಬೇಕೆಂದು ಕಲಂ 10 ಹೇಳುತ್ತದೆ. ಕೋಡ್ ಬೇಡ, ಹಂತಗಳ ಚಿತ್ರ, ಎಷ್ಟು ಅಡಿಕೆಯ ಸರಾಸರಿ, ಅನುಪಾತ ಯಾವ ಮಿತಿ ದಾಟಿದರೆ ಯಂತ್ರ ನಿಲ್ಲಬೇಕು, ಇವು ಬೇಕು. ತಿದ್ದುವಿಕೆ ಇದ್ದಾಗ ಮತ್ತು ಇಲ್ಲದಾಗ ಎಷ್ಟು ಅಡಿಕೆ ತಪ್ಪಿತು ಎಂಬ ಹೋಲಿಕೆಯ ಕೋಷ್ಟಕ ಒಂದಿದ್ದರೆ ಪರಿಶೀಲಕರ ಆಕ್ಷೇಪಕ್ಕೆ ಅದಕ್ಕಿಂತ ಗಟ್ಟಿ ಉತ್ತರವಿಲ್ಲ. ಶೀರ್ಷಿಕೆ 15 ಪದ, ಸಾರಾಂಶ 150 ಪದ ಮೀರಬಾರದು. ಹಂತಗಳ ಚಿತ್ರವನ್ನು ಬಿಟ್ಟರೆ ನಕ್ಷೆಯಲ್ಲಿ ಬರಹ ಇರಬಾರದು, ಸಂಖ್ಯೆಗಳಷ್ಟೇ. ಎ4 ಹಾಳೆ; ಮೇಲೆ ಮತ್ತು ಎಡಕ್ಕೆ 4 ಸೆಂ.ಮೀ., ಕೆಳಗೆ ಮತ್ತು ಬಲಕ್ಕೆ 3 ಸೆಂ.ಮೀ. ಅಂಚು.

ಕರ್ನಾಟಕದ ಅರ್ಜಿ ಹೋಗುವುದು ಚೆನ್ನೈ ಕಚೇರಿಗೆ, ಆನ್‌ಲೈನ್‌ನಲ್ಲಿ. ವಿಚಾರಣೆಯೂ ವಿಡಿಯೋದಲ್ಲೇ ನಡೆಯುವುದರಿಂದ ಶಿವಮೊಗ್ಗ ಬಿಟ್ಟು ಕದಲಬೇಕಿಲ್ಲ. ಯಂತ್ರ ಪೂರ್ತಿ ಆಗಿಲ್ಲದಿದ್ದರೆ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿ ತಾರೀಕು ಹಿಡಿದುಕೊಳ್ಳಿ. 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು, ಒಂದು ದಿನ ತಪ್ಪಿದರೂ ಅರ್ಜಿ ಕೈಬಿಟ್ಟಂತೆ. ಅರ್ಧ ಪುಟದ ತಾತ್ಕಾಲಿಕ ವಿವರಣೆ ಹಾಕಿ ನಿಶ್ಚಿಂತೆಯಿಂದ ಇರುವವರು ಬಹಳ ಮಂದಿ. ಸಂವೇದಕ 50ರ ಮಾತು ಅದರಲ್ಲಿ ಇಲ್ಲದಿದ್ದರೆ ಆ ಭಾಗಕ್ಕೆ ಹಳೆಯ ತಾರೀಕು ಸಿಗುವುದಿಲ್ಲ. ಅರ್ಜಿ ಹಾಕಿದರೆ ಪರಿಶೀಲನೆ ತಾನಾಗಿ ನಡೆಯುತ್ತದೆ ಎಂದೂ ತಿಳಿಯಬೇಡಿ. ನಮೂನೆ 18ರಲ್ಲಿ ಬೇರೆಯಾಗಿ ಕೋರಬೇಕು, 31 ತಿಂಗಳೊಳಗೆ. 2024ರ ಮಾರ್ಚ್‌ಗೆ ಮುಂಚೆ 48 ಇತ್ತು. ಆಕ್ಷೇಪಪತ್ರ ಬಂದ ಮೇಲೆ ಉತ್ತರಕ್ಕೆ 6 ತಿಂಗಳು, ಕೋರಿದರೆ ಇನ್ನೂ 3.

ಖರ್ಚು: ವ್ಯಕ್ತಿಗಳಿಗೆ, ನವೋದ್ಯಮಕ್ಕೆ, ಸಣ್ಣ ಘಟಕಕ್ಕೆ, ವಿದ್ಯಾಸಂಸ್ಥೆಗೆ ಅರ್ಜಿ ಶುಲ್ಕ 1,600 ರೂಪಾಯಿ, ಪರಿಶೀಲನೆಗೆ 4,000. ದೊಡ್ಡ ಕಂಪನಿಗಳಿಗೆ ಇದರ ಐದರಷ್ಟು. 30 ಪುಟ ಮೀರಿದರೆ ಪುಟಕ್ಕೆ 160, 10 ಕ್ಲೇಮು ಮೀರಿದರೆ ಒಂದೊಂದಕ್ಕೆ 320. ಮೂರನೇ ವರ್ಷದಿಂದ ನವೀಕರಣ: ಆರನೇ ವರ್ಷದವರೆಗೆ ವರ್ಷಕ್ಕೆ 800, ಹತ್ತರವರೆಗೆ 2,400, ಹದಿನೈದರವರೆಗೆ 4,800, ಇಪ್ಪತ್ತರವರೆಗೆ 8,000. ಕೂಡಿದರೆ 20 ವರ್ಷಕ್ಕೆ 76,800. ಅರ್ಜಿ ಬರೆದುಕೊಡುವ ಪೇಟೆಂಟ್ ಏಜೆಂಟರ ಸಂಭಾವನೆ ಇದರಲ್ಲಿ ಸೇರಿಲ್ಲ, ಮತ್ತು ಅದೇ ದೊಡ್ಡ ಖರ್ಚು. ಮಾರುಕಟ್ಟೆಯಿಲ್ಲದ ಯಂತ್ರದ ಪೇಟೆಂಟನ್ನು ಹತ್ತನೇ ವರ್ಷದ ಮೇಲೆ ಎಳೆಯುವುದು ವ್ಯರ್ಥ ಎಂಬುದು ನನ್ನ ಅಭಿಪ್ರಾಯ.

ಎಂಗೆಲ್‌ಬಾರ್ಟ್ ವಿಷಯಕ್ಕೆ ಬರುತ್ತೇನೆಂದಿದ್ದೆ. ಹಕ್ಕು ಯಾರದು ಎಂಬುದನ್ನು ಕರಾರು ತೀರ್ಮಾನಿಸುತ್ತದೆ. ನಮ್ಮ ಪೇಟೆಂಟ್ ಕಾಯ್ದೆಯಲ್ಲಿ ನೌಕರರ ಸಂಶೋಧನೆ ತಂತಾನೇ ಮಾಲೀಕರಿಗೆ ಸೇರುತ್ತದೆ ಎಂಬ ಮಾತಿಲ್ಲ, ಆದರೆ ನೇಮಕಾತಿ ಪತ್ರದಲ್ಲಿ, ಕಾಲೇಜಿನ ನೀತಿಯಲ್ಲಿ ಆ ಸಾಲು ಇರುತ್ತದೆ. ಓದಿ ನೋಡಿ. ವಿದ್ಯಾರ್ಥಿಗಳೇ, ಸಂಶೋಧಕರ ಪಟ್ಟಿಗೆ ಗೌರವಕ್ಕಾಗಿ ಯಾರ ಹೆಸರನ್ನೂ ಸೇರಿಸಬೇಡಿ, ದುಡಿದ ಗೆಳತಿಯ ಹೆಸರನ್ನು ಬಿಡಲೂ ಬೇಡಿ. ಕ್ಲೇಮಿನಲ್ಲಿರುವ ಕಲ್ಪನೆ ಯಾರಿಗೆ ಹೊಳೆಯಿತೋ ಅವರು ಸಂಶೋಧಕರು. ಪಟ್ಟಿ ತಪ್ಪಿದರೆ ಮುಂದೊಂದು ದಿನ ಪೇಟೆಂಟೇ ರದ್ದಾಗುವ ದಾರಿ ತೆರೆಯುತ್ತದೆ.

ಹಕ್ಕು ಹಿಡಿಯದೆ ಬಿಟ್ಟುಕೊಡುವುದೂ ಒಂದು ದಾರಿ, ಅದಕ್ಕೆ ನನ್ನ ಪೂರ್ಣ ಗೌರವವಿದೆ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ನಾವೆಲ್ಲ ಕನ್ನಡ ಟೈಪ್ ಮಾಡುತ್ತಿದ್ದೇವೆ, ಯಾರೂ ಶುಲ್ಕ ಕೊಡುತ್ತಿಲ್ಲ. ಇದಕ್ಕೆ ವಿರುದ್ಧದ ಅನುಭವ ಜಿಫ್ ಚಿತ್ರಗಳದು: 1987ರಲ್ಲಿ ಆ ಮಾದರಿ ಹೊರಬಂದಾಗ ಅದರೊಳಗೆ ಚಿತ್ರದ ಗಾತ್ರ ಕುಗ್ಗಿಸುವ ಎಲ್‌ಝಡ್‌ಡಬ್ಲ್ಯೂ ವಿಧಾನಕ್ಕೆ 1985ರಿಂದಲೇ ಪೇಟೆಂಟ್ ಇತ್ತು. 1994ರ ಕೊನೆಯಲ್ಲಿ ಆ ಪೇಟೆಂಟಿನ ಒಡೆತನದ ಯುನಿಸಿಸ್ ಕಂಪನಿ ಶುಲ್ಕ ಕೇಳಿತು, ಅದರಿಂದಾಗಿಯೇ ಪಿಎನ್‌ಜಿ ಎಂಬ ಬೇರೆ ಚಿತ್ರ ಮಾದರಿ ಹುಟ್ಟಿತು. ಬೇರೆಯವರ ಲೈಬ್ರರಿ, ಅಂದರೆ ಸಿದ್ಧ ಕೋಡ್, ಬಳಸಿ ಪ್ರೋಗ್ರಾಂ ಬರೆಯುವವರು ಅದರ ಪರವಾನಗಿಯಲ್ಲಿ ಪೇಟೆಂಟಿನ ಅನುಮತಿಯೂ ಇದೆಯೇ ನೋಡಬೇಕು, ಅಪಾಚೆ 2.0 ಎಂಬ ಮುಕ್ತ ಪರವಾನಗಿಯಲ್ಲಿ ಇದೆ.

ಸಭೆಯಿಂದ ಬಂದ ಎರಡು ಪ್ರಶ್ನೆಗಳು. ಟಿಪ್ಪಣಿ ಪುಸ್ತಕ ಕನ್ನಡದಲ್ಲಿದ್ದರೆ ನಡೆಯುತ್ತದೆಯೇ? ಖಂಡಿತ. ಹೊಲಿದ ಪುಸ್ತಕ, ಪುಟಸಂಖ್ಯೆ, ತಾರೀಕು, ಅರ್ಥ ಮಾಡಿಕೊಳ್ಳಬಲ್ಲ ಒಬ್ಬ ಸಾಕ್ಷಿಯ ಸಹಿ ಇರಲಿ. ಕಲ್ಪನೆ ಯಾರದೆಂಬ ತಕರಾರು ಬಂದರೆ ಅದು ಕೆಲಸಕ್ಕೆ ಬರುತ್ತದೆ. ಆದರೆ ಭಾರತದಲ್ಲಿ ಮೊದಲು ಅರ್ಜಿ ಹಾಕಿದವರಿಗೆ ಆದ್ಯತೆ, ಪುಸ್ತಕದ ತಾರೀಕು ಅರ್ಜಿಯ ತಾರೀಕಾಗದು. ಅರ್ಜಿ ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಇರಬೇಕೆಂಬ ನಿಯಮವಿದೆ. ಇದು ಬದಲಾಗಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಇನ್ನೊಂದು: ಯೂಟ್ಯೂಬ್‌ಗೆ ಈಗಾಗಲೇ ವಿಡಿಯೋ ಹಾಕಿದ್ದೇವೆ, ಅಳಿಸಿದರೆ ಆದೀತೇ? ಅಳಿಸಿದರೂ ಪ್ರಕಟವಾದದ್ದು ಪ್ರಕಟವಾದದ್ದೇ. ಆದರೆ ಕೈಚೆಲ್ಲಬೇಡಿ. ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಏನೇನು ಕಾಣುತ್ತದೆ, ಏನೇನು ಹೇಳಿದ್ದೀರಿ ಎಂದು ಪಟ್ಟಿ ಮಾಡಿ. ಬೆಲ್ಟ್, ಕ್ಯಾಮೆರಾ, ನಳಿಕೆ ಕಂಡಿರುತ್ತವೆ. ನಿಯಂತ್ರಕದ ಒಳಗೆ ಪಲ್ಸ್ ತಿದ್ದುವ ರೀತಿ ಕಂಡಿರಲಾರದು. ಯಂತ್ರವನ್ನು ಇನ್ನೂ ಯಾರಿಗೂ ಮಾರಿಲ್ಲವಾದರೆ ಕಾಣದೆ ಉಳಿದದ್ದಕ್ಕೆ ಈಗಲೂ ಅರ್ಜಿ ಹಾಕಬಹುದು. ಅಮೆರಿಕದಲ್ಲಿ ವಿಡಿಯೋ ಹಾಕಿದ ದಿನದಿಂದ ಒಂದು ವರ್ಷದವರೆಗೆ ಪೂರ್ತಿಗೇ ಅವಕಾಶವಿದೆ, ಆದರೆ ಇಲ್ಲಿ ಅರ್ಜಿ ಹಾಕಿ ಆರು ವಾರ ಕಳೆದಿರಬೇಕು ಅಥವಾ ವಿದೇಶದಲ್ಲಿ ಅರ್ಜಿ ಹಾಕಲು ಕಲಂ 39ರ ಅನುಮತಿ ಪಡೆದಿರಬೇಕು. ಆ ಪಟ್ಟಿ ಕೈಗೆ ಬರುವವರೆಗೆ ಎರಡನೇ ವಿಡಿಯೋ ಹಾಕಬೇಡಿ.